ಒಂದೇ ಲಾಟು, ಮೂವತ್ತೆಂಟು ಹೊಲ: ಸಾಮೂಹಿಕ ಗ್ರಾಹಕ ದೂರು ಹಾಕುವುದು ಹೇಗೆ

ಆಲೂಗಡ್ಡೆ ಹಾಕಿ ಹದಿನೆಂಟು ದಿನ ಕಳೆದಿತ್ತು. ಸಾಲಿನಲ್ಲಿ ಮೊಳಕೆ ಕಾಣದೆ ಅಪ್ಪ ಕುಡುಗೋಲಿನ ತುದಿಯಿಂದ ಮಣ್ಣು ಕೆದಕಿದರು. ಹೆಚ್ಚಿ ನೆಟ್ಟಿದ್ದ ಗೆಡ್ಡೆ ಕೈಗೆ ಬಂತು. ಹಿಸುಕಿದರೆ ಕಂದು ನೀರು ಸೋರಿತು, ನಾತಕ್ಕೆ ಮುಖ ಆಚೆ ತಿರುಗಿಸಬೇಕಾಯಿತು. ಹತ್ತು ಕಡೆ ಕೆದಕಿದೆವು, ಏಳು ಕಡೆ ಅದೇ ಕಥೆ. ಮೇ ತಿಂಗಳಲ್ಲಿ ಹಾಸನದಲ್ಲಿ ಕೊಂಡ ಬಿತ್ತನೆ ಗೆಡ್ಡೆ ಅದು, ಜಲಂಧರ್ ಮಾಲು ಅಂತ ಹೇಳಿ ಮಾರಿದ್ದು. ಕೇಳಲು ಹೋದರೆ ಅಂಗಡಿಯವರು, "ಮಳೆ ಜಾಸ್ತಿ ಆಯ್ತು ಗೌಡ್ರೆ, ನಾವೇನ್ ಮಾಡೋಕಾಗುತ್ತೆ?" ಅಂದರು. ಅಪ್ಪ ಮಾತಿಲ್ಲದೆ ವಾಪಸ್ ಬಂದರು.

ಆ ಸಂಜೆ ಡೇರಿಯಲ್ಲಿ ಹಾಲು ಅಳೆಸಲು ನಿಂತವರಲ್ಲಿ ಇನ್ನೂ ನಾಲ್ಕು ಜನ ಇದೇ ಮಾತು ಆಡುತ್ತಿದ್ದರು. ವಾರದೊಳಗೆ ಸುತ್ತಲಿನ ಐದು ಊರುಗಳಿಂದ ಮೂವತ್ತೆಂಟು ಮನೆಗಳ ಲೆಕ್ಕ ಸಿಕ್ಕಿತು. ಒಬ್ಬರ ಹೊಲ ಕೊಳೆತರೆ ಮಳೆಯ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು. ಒಂದೇ ಲಾಟಿನ, ಅಂದರೆ ಒಂದೇ ನಂಬರಿನಡಿ ಒಟ್ಟಿಗೆ ಬಂದ ಮಾಲಿನ ಗೆಡ್ಡೆ ಹಾಕಿದ ಮೂವತ್ತೆಂಟು ಹೊಲಗಳೂ ಕೊಳೆತು, ಬದುವಿನಾಚೆ ಬೇರೆ ಕಡೆಯ ಗೆಡ್ಡೆ ಹಾಕಿದವರ ಹೊಲ ಅದೇ ಮಳೆಯಲ್ಲಿ ಹಸಿರಾಗಿ ಎದ್ದು ನಿಂತರೆ ಆ ಉತ್ತರ ನಡೆಯುವುದಿಲ್ಲ. ಸಾಮೂಹಿಕ ದೂರು ಅಂದರೆ ಖರ್ಚು ಹಂಚಿಕೊಳ್ಳುವ ಉಪಾಯ ಅಂತ ಬಹಳ ಜನ ತಿಳಿದಿದ್ದಾರೆ. ಖರ್ಚು ಹಂಚಿಹೋಗುವುದು ನಿಜ. ಆದರೆ ನಾನು ಕಂಡ ಹಾಗೆ, ಗುಂಪೇ ಅಲ್ಲಿ ಮುಖ್ಯ ಸಾಕ್ಷಿ. ಈ ಬರಹ ಪೂರ್ತಿ ಆ ಸಾಕ್ಷಿಯನ್ನು ಕೆಡದಂತೆ ಗ್ರಾಹಕ ಆಯೋಗದ, ಅಂದರೆ ಗ್ರಾಹಕ ನ್ಯಾಯಾಲಯದ ಮುಂದೆ ತಂದು ನಿಲ್ಲಿಸುವುದು ಹೇಗೆ ಅನ್ನುವುದರ ಬಗ್ಗೆ.

ಮೊದಲು, ಯಾವ ಬಾಗಿಲು ತಟ್ಟಬೇಕು?

ಕ್ಲಾಸ್ ಆ್ಯಕ್ಷನ್, ಅಂದರೆ ಒಂದೇ ತೊಂದರೆಯ ಅನೇಕರ ಪರವಾಗಿ ಹೂಡುವ ಒಂದೇ ದಾವೆ, ಅಂದ ಕೂಡಲೇ ಅಮೆರಿಕದ ಸುದ್ದಿ ನೆನಪಾಗುತ್ತದೆ. ಅಲ್ಲಿ ಹೊರಗೆ ಉಳಿಯುತ್ತೇನೆ ಅಂತ ಹೇಳದ ಎಲ್ಲರೂ ಸಾಮಾನ್ಯವಾಗಿ ಗುಂಪಿನ ಒಳಗೇ ಇರುತ್ತಾರೆ, ಗೆದ್ದ ಹಣದಲ್ಲಿ ವಕೀಲರಿಗೂ ಪಾಲು ಇರುತ್ತದೆ. ನಮ್ಮಲ್ಲಿ ದಾರಿ ಬೇರೆ, ಬೇರು ಮಾತ್ರ ಹಳೆಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮ ಹೇಳುವುದು ಇಷ್ಟು: ಅನೇಕರಿಗೆ ಒಂದೇ ಹಿತಾಸಕ್ತಿ ಇದ್ದರೆ, ನ್ಯಾಯಾಲಯದ ಅನುಮತಿ ಪಡೆದು ಒಬ್ಬರೋ ಕೆಲವರೋ ಎಲ್ಲರ ಪರವಾಗಿ ದಾವೆ ಹೂಡಬಹುದು. ಊರಿನ ಕೆರೆ, ದಾರಿ, ದೇವಸ್ಥಾನದ ಹಕ್ಕಿನ ಎಷ್ಟೋ ದಾವೆಗಳು ನಡೆದಿರುವುದು ಈ ನಿಯಮದ ಮೇಲೆಯೇ.

ಇದೇ ನಿಯಮವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತನ್ನೊಳಗೆ ತೆಗೆದುಕೊಂಡಿದೆ. ಹಣ ಕೊಟ್ಟು ಕೊಂಡ ವಸ್ತು ಅಥವಾ ಸೇವೆಯಲ್ಲಿ ಅನೇಕರಿಗೆ ಒಂದೇ ಬಗೆಯ ದೋಷ ಕಂಡರೆ 35ನೇ ಕಲಂನ 1(ಸಿ) ಅಡಿಯಲ್ಲಿ ದೂರು ಹಾಕಬಹುದು. ರೈತ ಗ್ರಾಹಕನೇ ಅಂತ ಎದುರಿನವರು ಪ್ರಶ್ನೆ ಎತ್ತಿಯೇ ಎತ್ತುತ್ತಾರೆ. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಾಗಿದೆ: ಬೀಜ ಕೊಂಡ ರೈತ ಗ್ರಾಹಕನೇ, ಬೀಜ ಕಾಯ್ದೆ ಇದೆ ಅನ್ನುವ ಕಾರಣಕ್ಕೆ ಗ್ರಾಹಕ ನ್ಯಾಯಾಲಯದ ಬಾಗಿಲು ಮುಚ್ಚುವುದಿಲ್ಲ. ಈ ತೀರ್ಪಿನ ಪ್ರತಿಯನ್ನು ಫೈಲಿನ ಮೇಲ್ಗಡೆಯೇ ಇಟ್ಟುಕೊಳ್ಳಿ.

ನಿಮ್ಮ ತೊಂದರೆ ಬೇರೆಯದಾದರೆ ಬಾಗಿಲೂ ಬೇರೆ. ಮಲೆನಾಡಿನ ಕಡೆ ಕಾಫಿ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಟ್ಟು ಕೆಳಗಿನ ಊರಿನವರ ಕುಡಿಯುವ ನೀರು ಕೆಟ್ಟಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಬೇಕು. ಹೆಚ್ಚು ಬಡ್ಡಿ ಆಸೆ ತೋರಿಸಿ ಠೇವಣಿ ಕಟ್ಟಿಸಿಕೊಂಡವರು ಕೈಕೊಟ್ಟರೆ 2004ರ ಕರ್ನಾಟಕದ ಠೇವಣಿದಾರರ ಹಿತ ಸಂರಕ್ಷಣಾ ಕಾಯ್ದೆ ಇದೆ. ಕಂಪನಿಯ ಷೇರುದಾರರಿಗೆ 2013ರ ಕಂಪನಿ ಕಾಯ್ದೆಯ 245ನೇ ಕಲಂ ಇದೆ. ಸತ್ಯಂ ಹಗರಣದಲ್ಲಿ ಅಮೆರಿಕದ ಹೂಡಿಕೆದಾರರಿಗೆ 12.5 ಕೋಟಿ ಡಾಲರ್‌ ರಾಜಿ ಸಿಕ್ಕಿತು, ನಮ್ಮವರಿಗೆ ಹಾಗೆ ಒಟ್ಟಾಗಿ ಕೇಳುವ ದಾರಿಯೇ ಇರಲಿಲ್ಲ. ಆ ನೋವಿನ ನಂತರ ಬಂದ ಕಲಂ ಅದು. ಇಷ್ಟು ಹೇಳಿ ಅವನ್ನು ಇಲ್ಲಿಗೇ ಬಿಡುತ್ತೇನೆ, ನನಗೆ ಕೈಯಾರೆ ಗೊತ್ತಿರುವುದು ಗ್ರಾಹಕ ಆಯೋಗದ ದಾರಿ.

ಮೊದಲ ಹತ್ತು ದಿನ

ಈ ಹತ್ತು ದಿನದಲ್ಲಿ ಮಾಡದ್ದನ್ನು ಆಮೇಲೆ ಯಾವ ವಕೀಲರೂ ಮಾಡಿಕೊಡಲಾರರು. ಹೊಲ ಕಾಯುವುದಿಲ್ಲ. ಮೊಳೆಯದ ಸಾಲನ್ನು ಉತ್ತು ಜೋಳ ಹಾಕಿಬಿಟ್ಟರೆ ಸಾಕ್ಷಿಯೂ ಮಣ್ಣಿನೊಳಗೆ ಹೋಯಿತು. ರೈತನಿಗೆ ಹಾಗೆ ಉಳದೆ ಬೇರೆ ದಾರಿಯೂ ಇಲ್ಲ, ಮಳೆ ಹೋದರೆ ವರ್ಷವೇ ಹೋದಂತೆ. ಅದಕ್ಕೇ ಆತುರ ಬೇಕು ಅನ್ನುವುದು.

ಬಿಲ್ಲು ಹುಡುಕಿ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಬೀಜ ಮಾರುವವರು ಕೊಂಡವರಿಗೆ ಬಿಲ್ಲು ಕೊಡಲೇಬೇಕು. ನಮ್ಮ ಮೂವತ್ತೆಂಟು ಮನೆಗಳಲ್ಲಿ ಸರಿಯಾದ ಬಿಲ್ಲು ಇದ್ದದ್ದು ಹನ್ನೊಂದು ಮನೆಯಲ್ಲಿ. ಉಳಿದವರ ಹತ್ತಿರ ಬಿಳಿ ಚೀಟಿಯ ಮೇಲೆ ಚೀಲದ ಲೆಕ್ಕ ಬರೆದುಕೊಟ್ಟದ್ದು, ಫೋನ್‌ಪೇ ಮಾಡಿದ ದಾಖಲೆ, ಟೆಂಪೋದವನ ಬಾಡಿಗೆ ರಸೀದಿ, ಇಂಥವು ಇದ್ದವು. ಯಾವುದನ್ನೂ ಬಿಸಾಡಬೇಡಿ. ಒಂದೇ ದಿನ, ಒಂದೇ ಅಂಗಡಿ, ಒಂದೇ ಟೆಂಪೋ ಅಂತ ಈ ತುಂಡುಗಳು ಸೇರಿದಾಗ ಒಂದು ಚಿತ್ರ ಆಗುತ್ತದೆ.

ಚೀಲ ಹುಡುಕಿ. ಇದನ್ನು ಒತ್ತಿ ಹೇಳುತ್ತೇನೆ. ಬಿಲ್ಲಿನಲ್ಲಿ ಲಾಟ್ ನಂಬರ್ ಬರೆಯದಿದ್ದರೆ ಅದು ಸಿಗುವುದು ಚೀಲದ ಬಾಯಿಗೆ ಹೊಲಿದ ಚೀಟಿಯಲ್ಲಿ ಮಾತ್ರ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಆರು ಚೀಲ ತಂದಿದ್ದರು, ಬಿಲ್ಲು ಇರಲಿಲ್ಲ. "ಚೀಲ ಎಲ್ಲಿ ಅಜ್ಜಿ?" ಅಂದರೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹಾಲು ಕರೆಯುವಾಗ ಕೂರಲು ಒಂದನ್ನು ಮಡಿಸಿ ಇಟ್ಟಿದ್ದರು. ಬಿಡಿಸಿದರೆ ಹೊಲಿಗೆಯ ಅಂಚಿನಲ್ಲಿ ಚೀಟಿಯ ಅರ್ಧ ಉಳಿದಿತ್ತು, ಸಗಣಿ ನೀರಲ್ಲಿ ನೆನೆದು ಮಾಸಿತ್ತು, ಆದರೆ ಲಾಟಿನ ಕೊನೆಯ ಮೂರು ಅಂಕಿ ಓದಲು ಬರುತ್ತಿದ್ದವು. ಅದನ್ನು ತೊಳೆಯಲು ಹೋಗಲಿಲ್ಲ, ಹಾಗೇ ಒಣಗಿಸಿ ಕವರಿನಲ್ಲಿ ಹಾಕಿಟ್ಟೆವು. ಚೀಟಿಯ ಬಣ್ಣವನ್ನೂ ಬರೆದಿಟ್ಟುಕೊಳ್ಳಿ: ಪ್ರಮಾಣಿತ (ಸರ್ಟಿಫೈಡ್) ಬೀಜಕ್ಕೆ ನೀಲಿ, ಮೂಲ (ಫೌಂಡೇಶನ್) ಬೀಜಕ್ಕೆ ಬಿಳಿ ಚೀಟಿ ಇರುತ್ತದೆ. ಪ್ರಮಾಣಿತ ಅಂತ ಬಾಯಲ್ಲಿ ಹೇಳಿ, ನೀಲಿ ಚೀಟಿ ಇಲ್ಲದ ಚೀಲ ಕೊಟ್ಟಿದ್ದರೆ ಅದೇ ಒಂದು ದೊಡ್ಡ ಅಂಶ.

ಫೋಟೊ ತೆಗೆಯುವಾಗ ಹೊಲದ ಮೂಲೆಕಲ್ಲು, ಬದು, ಪಕ್ಕದ ಚೆನ್ನಾಗಿ ಎದ್ದ ಹೊಲ ಮೂರೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯಿರಿ. ಆ ಹೋಲಿಕೆ ಇಲ್ಲದಿದ್ದರೆ ಕೊಳೆತ ಗೆಡ್ಡೆಯ ಫೋಟೊ ಯಾರ ಹೊಲದ್ದೂ ಆಗಬಹುದು. ತೆಗೆದ ಫೋನನ್ನು ಕೇಸು ಮುಗಿಯುವ ತನಕ ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಂತೆ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರಕ್ಕೆ ಆ ಪತ್ರಕ್ಕೆ ಸಹಿ ಹಾಕುವವರು ಯಾರು?

ಇನ್ನು ಇಲಾಖೆ. ಆಲೂಗಡ್ಡೆ ತೋಟಗಾರಿಕೆ ಇಲಾಖೆಗೆ ಸೇರುತ್ತದೆ, ಕೃಷಿ ಇಲಾಖೆಗಲ್ಲ. ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರಿಗೆ ಲಿಖಿತ ಅರ್ಜಿ ಕೊಡಿ, ವಿಜ್ಞಾನಿಗಳ ಜೊತೆ ಜಂಟಿ ಪರಿಶೀಲನೆ ಮಾಡಿ ಮಹಜರು ಬರೆಯಬೇಕು ಅಂತ ಕೇಳಿ. ಅರ್ಜಿಯಲ್ಲಿ ಎಲ್ಲರ ಸರ್ವೆ ನಂಬರ್ ಇರಲಿ. ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್, ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಹಾಸನದವರಿಗೆ ಕಾರೇಕೆರೆಯ ಕೃಷಿ ಕಾಲೇಜು ಹತ್ತಿರವೇ ಇದೆ, ಅಲ್ಲಿಂದ ತಜ್ಞರನ್ನು ಕಳಿಸಿ ಅಂತಲೂ ಅರ್ಜಿಯಲ್ಲೇ ಬರೆಯಬಹುದು. ಪರಿಶೀಲನೆಗೆ ಬಂದವರಿಗೆ ನೀರು ನಿಲ್ಲದ ಹೊಲವನ್ನು ಮೊದಲು ತೋರಿಸಿ. ಇಳಿಜಾರಿನ ಹೊಲದಲ್ಲೂ ಗೆಡ್ಡೆ ಕೊಳೆತಿದ್ದರೆ ಮಳೆಯ ವಾದಕ್ಕೆ ಬುಡವೇ ಇರುವುದಿಲ್ಲ.

ನೆಡದೆ ಉಳಿದ ಗೆಡ್ಡೆ ಯಾರ ಮನೆಯಲ್ಲಾದರೂ ಇದ್ದರೆ ಕಾಗದದ ಚೀಲದಲ್ಲಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿ ಮೊಹರು ಮಾಡಿ. ಪ್ಲಾಸ್ಟಿಕ್ ಕವರಿನಲ್ಲಿ ಒಳ್ಳೆಯ ಗೆಡ್ಡೆಯೂ ಬೆವತು ಕೊಳೆಯುತ್ತದೆ. ಏನೂ ಉಳಿದಿಲ್ಲ ಅಂತಾದರೆ ಎದೆಗುಂದಬೇಡಿ. ಕೊಂಡದ್ದೆಲ್ಲ ಬಿತ್ತಿ ಮುಗಿಸಿದ ರೈತನಿಂದ ಪ್ರಯೋಗಾಲಯಕ್ಕೆ ಮಾದರಿ ನಿರೀಕ್ಷಿಸಲಾಗದು ಅಂತಲೂ 2012ರ ಅದೇ ತೀರ್ಪು ಹೇಳಿದೆ.

ಪಟ್ಟಿ: ಯಾರು ಒಳಗೆ, ಯಾರು ಹೊರಗೆ

ನಾವು ಎಡವಿದ್ದು ಇಲ್ಲೇ. ಸುದ್ದಿ ಹಬ್ಬಿದ ಮೇಲೆ ಬೇರೆ ಅಂಗಡಿಯ ಗೆಡ್ಡೆ ಹಾಕಿದವರು ಬಂದರು, ಆಲೂರು ಕಡೆಯಿಂದ ಶುಂಠಿ ಬೀಜ ಕೆಟ್ಟವರು ಬಂದರು. ಎಲ್ಲರ ನೋವೂ ನೋವೇ ತಾನೆ, ಸೇರಿಸಿಕೊಳ್ಳೋಣ ಅಂದುಕೊಂಡೆವು. ಪಟ್ಟಿ ನೂರು ದಾಟಿತು. ಅದನ್ನು ನೋಡಿದ ವಕೀಲರು ಅರ್ಧ ಗಂಟೆ ಪುಟ ತಿರುಗಿಸಿ, "ಇಷ್ಟು ಜನರನ್ನ ಹೀಗೇ ತಗೊಂಡು ಹೋದ್ರೆ ಮೊದಲ ದಿನವೇ ಬಿದ್ದೋಗುತ್ತೆ ಕಣ್ರೀ" ಅಂದರು.

ಅವರು ಹೇಳಿದ್ದು ಸರಿ. ಕಾಯ್ದೆ ಕೇಳುವುದು ಒಂದೇ ಹಿತಾಸಕ್ತಿ. ಅಂಬರೀಷ್ ಕುಮಾರ್ ಶುಕ್ಲಾ ಪ್ರಕರಣದಲ್ಲಿ 2016ರಲ್ಲಿ ರಾಷ್ಟ್ರೀಯ ಆಯೋಗದ ವಿಸ್ತೃತ ಪೀಠ ಇದನ್ನು ಬಿಡಿಸಿ ಹೇಳಿದೆ: ದೂರು ಒಬ್ಬರೇ ಮಾರಾಟಗಾರರ ವಿರುದ್ಧ ಇರಬೇಕು, ಎಲ್ಲರ ಕುಂದುಕೊರತೆ ಒಂದೇ ಇರಬೇಕು, ಕೇಳುವ ಪರಿಹಾರವೂ ಎಲ್ಲರಿಗೂ ಒಂದೇ ಬಗೆಯದಾಗಿರಬೇಕು. ನಮ್ಮ ಕರ್ನಾಟಕದ್ದೇ ಇನ್ನೊಂದು ಪಾಠ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣ. ಬೆಂಗಳೂರಿನ ಆ ವಸತಿ ಸಮುಚ್ಚಯದಲ್ಲಿ ಇದ್ದದ್ದು 1,134 ಮನೆ. ಅವುಗಳಲ್ಲಿ 51 ಮನೆ ಕೊಂಡ 91 ಜನ ಎಲ್ಲರ ಪರವಾಗಿ ದೂರು ಹಾಕಿದರು. ಉಳಿದವರ ಹಿತಾಸಕ್ತಿಯೂ ತಮ್ಮದೇ ಅಂತ ತೋರಿಸುವ ವಿವರ ದೂರಿನಲ್ಲೇ ಇಲ್ಲ ಅಂತ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎಲ್ಲರ ಪರವಾದ ದೂರಾಗಿ ಒಪ್ಪಲಿಲ್ಲ. ಆದರೆ ಹೊರಗೆ ಹಾಕಲೂ ಇಲ್ಲ, ಬಂದವರ ಜಂಟಿ ದೂರಾಗಿ ನಡೆಸಬಹುದು ಅಂದಿತು.

ಈ ತೀರ್ಪಿನಿಂದ ನಮಗೆ ಎರಡು ದಾರಿ ಸ್ಪಷ್ಟವಾಗುತ್ತವೆ. ಬಾಧಿತರೆಲ್ಲರೂ ಗೊತ್ತಿರುವವರು, ಎಲ್ಲರೂ ಸಹಿ ಹಾಕಲು ಸಿದ್ಧ, ಆದರೆ ಗುಂಪು ಚಿಕ್ಕದು ಅಂತಾದರೆ ಜಂಟಿ ದೂರು ಸಾಕು, ವಿಶೇಷ ಅನುಮತಿಯ ಗೊಡವೆ ಇಲ್ಲ. ಅದೇ ಲಾಟಿನ ಗೆಡ್ಡೆ ಇನ್ನೂ ಎಷ್ಟೋ ಊರಿಗೆ ಹೋಗಿದೆ, ಎಲ್ಲರನ್ನೂ ಹುಡುಕಿ ಸಹಿ ತರಲಾಗದು ಅಂತಾದರೆ ಪ್ರಾತಿನಿಧಿಕ ದೂರು. ಅದಕ್ಕೆ ಪ್ರತಿಯೊಬ್ಬರ ಒಪ್ಪಿಗೆ ಪತ್ರ ಬೇಕಿಲ್ಲ, ಆಯೋಗದ ಅನುಮತಿ ಮತ್ತು ಎಲ್ಲರಿಗೂ ತಿಳಿಯುವಂತೆ ಪ್ರಕಟಣೆ ಬೇಕು.

ಕೊನೆಗೆ ನಮ್ಮ ಗುಂಪಿನ ವ್ಯಾಖ್ಯೆ ಒಂದೇ ವಾಕ್ಯಕ್ಕೆ ಇಳಿಯಿತು: ಇಂಥ ದಿನಾಂಕಗಳ ನಡುವೆ, ಇಂಥ ಮಾರಾಟಗಾರರಿಂದ, ಇಂಥ ಲಾಟ್ ನಂಬರಿನ ಬಿತ್ತನೆ ಗೆಡ್ಡೆ ಕೊಂಡವರು. ಶುಂಠಿಯವರಿಗೆ ಕೈಮುಗಿದು, ಅವರದ್ದೇ ಬೇರೆ ಪಟ್ಟಿ ಮಾಡಲು ಸಹಾಯ ಮಾಡಿದೆವು. ಆ ಮಾತು ಆಡುವುದು ಸುಲಭ ಇರಲಿಲ್ಲ.

ಪಟ್ಟಿಯನ್ನು ಒಂದು ಉದ್ದ ಪುಸ್ತಕದಲ್ಲಿ ಬರೆಯಿರಿ. ಹೆಸರು, ಊರು, ಸರ್ವೆ ನಂಬರ್, ಕೊಂಡ ದಿನ, ಚೀಲ, ಕೊಟ್ಟ ಹಣ, ಬಿತ್ತಿದ ದಿನ, ಇರುವ ದಾಖಲೆ. ಪಹಣಿ ಪ್ರತಿ ಜೊತೆಗಿರಲಿ. ಪಹಣಿ ಅಪ್ಪನ ಹೆಸರಲ್ಲಿ, ಬಿಲ್ಲು ಮಗನ ಹೆಸರಲ್ಲಿ ಇರುವುದು ನಮ್ಮ ಕಡೆ ಸಾಮಾನ್ಯ. ಗ್ರಾಹಕ ಅಂದರೆ ಕೊಂಡವರು, ಹಾಗಾಗಿ ಬಿಲ್ಲಿನ ಹೆಸರನ್ನೇ ಹಾಕಿ, ಸಂಬಂಧವನ್ನು ಅಫಿಡವಿಟ್‌ನಲ್ಲಿ ಹೇಳಿ.

ನೋಟಿಸ್

ಎಲ್ಲರ ಪರವಾಗಿ ಒಂದೇ ನೋಟಿಸ್ ಸಾಕು. ಏನು ಕೊಂಡಿರಿ, ಏನಾಯಿತು, ಏನು ಕೇಳುತ್ತೀರಿ, ಎಷ್ಟು ದಿನದಲ್ಲಿ ಅಂತ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಜೊತೆಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ದಾಖಲಿಸಬಹುದು. ಕಾಯ್ದೆಯ 17ನೇ ಕಲಂ ಪ್ರಕಾರ, ಒಂದು ವರ್ಗದ ಗ್ರಾಹಕರಿಗೇ ತೊಂದರೆಯಾದಾಗ ಜಿಲ್ಲಾಧಿಕಾರಿಗೆ ದೂರು ಕೊಡಲು ಅವಕಾಶ ಇದೆ. ಇದನ್ನು ಬಿಡಬೇಡಿ. ಡಿಸಿ ಕಚೇರಿಯಿಂದ ಬರುವ ಒಂದು ಹಿಂಬರಹವೂ ನಂತರ ದಾಖಲೆಯಾಗುತ್ತದೆ.

ಎಲ್ಲಿ, ಎಷ್ಟು ಶುಲ್ಕ, ಎಷ್ಟು ಕಾಲ

ಎದುರಿನವರು ಎಲ್ಲಿಯವರಾದರೂ ಸರಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.

ಜಿಲ್ಲಾ ಆಯೋಗ 50 ಲಕ್ಷ ರೂಪಾಯಿ ತನಕ, ರಾಜ್ಯ ಆಯೋಗ 2 ಕೋಟಿ ತನಕ, ಅದರ ಮೇಲೆ ರಾಷ್ಟ್ರೀಯ ಆಯೋಗ. ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಬೆಲೆ, ಆದ ನಷ್ಟ ಅಲ್ಲ. ಗುಂಪಿನ ದೂರಿನಲ್ಲಿ ಎಲ್ಲರೂ ಕೊಟ್ಟ ಬೆಲೆಯನ್ನು ಕೂಡಿಸಬೇಕು ಅಂತ 2016ರ ಆ ತೀರ್ಪು ಹೇಳಿದೆ. ನಮ್ಮದು 412 ಚೀಲ, ಚೀಲಕ್ಕೆ 2,000 ರೂಪಾಯಿ, ಒಟ್ಟು 8,24,000. ಹಾಸನದ ಜಿಲ್ಲಾ ಆಯೋಗಕ್ಕೇ ಬಂತು, ಶುಲ್ಕ 200 ರೂಪಾಯಿ. 5 ಲಕ್ಷದ ತನಕ ಶುಲ್ಕವೇ ಇಲ್ಲ. ಅದೇ ಮುನ್ನೂರು ಮನೆ ಸೇರಿದ್ದರೆ ಮೊತ್ತ 50 ಲಕ್ಷ ದಾಟಿ ಬೆಂಗಳೂರಿಗೆ ಅಲೆಯಬೇಕಾಗುತ್ತಿತ್ತು. ಗುಂಪು ದೊಡ್ಡದು ಮಾಡುವ ಮುಂಚೆ ಈ ಕೂಡಿಕೆ ಮಾಡಿ ನೋಡಿ.

ದೂರು ಬರೆಯುವಾಗ

ಪ್ರಾತಿನಿಧಿಕ ದೂರಾದರೆ ಅದರ ಜೊತೆಗೇ ಅನುಮತಿ ಕೋರುವ ಮಧ್ಯಂತರ ಅರ್ಜಿ ಇರಬೇಕು. ಗುಂಪು ಯಾವುದು, ಅಂದಾಜು ಎಷ್ಟು ಜನ, ಹಿತಾಸಕ್ತಿ ಒಂದೇ ಹೇಗೆ ಅನ್ನುವುದನ್ನು ದೂರಿನ ಒಳಗೇ ಪ್ಯಾರಾ ಪ್ಯಾರಾ ಬರೆಯಿರಿ. ಬ್ರಿಗೇಡ್ ಪ್ರಕರಣದಲ್ಲಿ ಕೊರತೆ ಕಂಡದ್ದು ಇದೇ ಜಾಗದಲ್ಲಿ.

ಪರಿಹಾರ ಕೇಳುವಾಗ ಒಬ್ಬರಿಗೆ ಸಾಲದ ಬಡ್ಡಿ, ಇನ್ನೊಬ್ಬರಿಗೆ ಮಗಳ ಮದುವೆ ನಿಂತದ್ದು ಅಂತ ಹೋದರೆ ಒಂದೇ ಬಗೆ ಅನ್ನುವುದು ಒಡೆದುಹೋಗುತ್ತದೆ. ಅವು ಸುಳ್ಳಲ್ಲ, ಆದರೆ ಈ ದೂರಿನಲ್ಲಿ ಹಿಡಿಸುವುದಿಲ್ಲ. ನಾವು ಚೀಲವನ್ನೇ ಅಳತೆಗೋಲು ಮಾಡಿದೆವು: ಚೀಲಕ್ಕೆ ಇಷ್ಟು ಬೆಲೆ ವಾಪಸ್, ಚೀಲಕ್ಕೆ ಇಷ್ಟು ಬೆಳೆ ನಷ್ಟ, ಬಡ್ಡಿ, ಖರ್ಚು. ಆರು ಚೀಲದವರಿಗೂ ಮೂವತ್ತು ಚೀಲದವರಿಗೂ ಒಂದೇ ಸೂತ್ರ. ಬಾಧಿತರನ್ನು ಗುರುತಿಸುವುದೇ ಕಷ್ಟ ಅನ್ನುವಷ್ಟು ಜನ ಇದ್ದರೆ, ಮಾರಿದ ದೋಷಪೂರಿತ ಮಾಲಿನ ಮೌಲ್ಯದ ಶೇ. 25ಕ್ಕೆ ಕಡಿಮೆ ಇಲ್ಲದ ಮೊತ್ತ ಕಟ್ಟಿಸುವ ಅಧಿಕಾರವೂ ಆಯೋಗಕ್ಕೆ 39ನೇ ಕಲಂನಲ್ಲಿ ಇದೆ.

ವ್ಯವಸಾಯ ಲಾಭಕ್ಕೆ ಮಾಡುವ ವ್ಯಾಪಾರ ಅನ್ನುವ ವಾದ ಬಂದೇ ಬರುತ್ತದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡದ್ದು ವಾಣಿಜ್ಯ ಉದ್ದೇಶ ಆಗುವುದಿಲ್ಲ ಅಂತ ಕಾಯ್ದೆಯ ವಿವರಣೆಯೇ ಹೇಳುತ್ತದೆ. ಆ ಒಂದು ಸಾಲು ನಿಮ್ಮ ದೂರಿನಲ್ಲಿ ತಪ್ಪದೆ ಇರಲಿ.

ಅನುಮತಿ ಸಿಕ್ಕ ಮೇಲೆ ಪತ್ರಿಕಾ ಪ್ರಕಟಣೆ, ಅದರ ಖರ್ಚು ನಿಮ್ಮದು. ಪ್ರಕಟಣೆ ನೋಡಿ ಗುಂಪಿಗೆ ಸೇರಿದ ಯಾರಾದರೂ ತಮ್ಮನ್ನೂ ಪಕ್ಷಗಾರರನ್ನಾಗಿ ಮಾಡಿ ಅಂತ ಬರಬಹುದು. ಆದೇಶ ಬಂದರೆ ಅದು ಗುಂಪಿನ ಎಲ್ಲರನ್ನೂ ಕಟ್ಟಿಹಾಕುತ್ತದೆ, ಗೆದ್ದರೂ ಸೋತರೂ. ಈ ಮಾತನ್ನು ಡೇರಿ ಮುಂದೆ ನಿಂತು ಎಲ್ಲರಿಗೂ ಬಿಡಿಸಿ ಹೇಳಿ. ಹೇಳದೆ ಮುಂದೆ ನಿಲ್ಲುವುದು ತಪ್ಪು.

ದುಡ್ಡು ಮತ್ತು ವಕೀಲರು

ಗ್ರಾಹಕ ಆಯೋಗದಲ್ಲಿ ವಕೀಲರು ಕಡ್ಡಾಯ ಅಲ್ಲ. ಆದರೂ ಗುಂಪಿನ ದೂರಿಗೆ ಇದ್ದರೆ ಒಳ್ಳೆಯದು. ಗೆದ್ದರೆ ಇಷ್ಟು ಪರ್ಸೆಂಟ್ ಅಂತ ಒಪ್ಪಂದ ಮಾಡಿಕೊಳ್ಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ, ಹಾಗೆ ಕೇಳುವವರಿಂದ ದೂರ ಇರಿ. ಮುಂದೆ ನಿಲ್ಲುವವರು ಮಹಿಳೆಯಾಗಿದ್ದರೆ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರಿಗೆ ಅರ್ಜಿ ಹಾಕಬಹುದು, ಸಹಾಯವಾಣಿ 15100. ನಾವು ಚೀಲಕ್ಕೆ 50 ರೂಪಾಯಿಯಂತೆ ಎತ್ತಿದೆವು, ಮೂರು ಜನರ ಸಹಿ ಇಲ್ಲದೆ ತೆಗೆಯಲಾಗದ ಖಾತೆಯಲ್ಲಿ ಇಟ್ಟೆವು. ಖರ್ಚಿನ ಚೀಟಿಯನ್ನು ಪ್ರತಿ ತಿಂಗಳು ಡೇರಿ ಗೋಡೆಗೆ ಅಂಟಿಸಿದೆವು. ಊರಲ್ಲಿ ಗುಂಪು ಒಡೆಯುವುದು ಕೇಸಿನಿಂದಲ್ಲ, ಲೆಕ್ಕದಿಂದ.

ವಿಚಾರಣೆ ನಡೆಯುವಾಗ

ಎದುರಿನವರು ನೋಟಿಸ್ ತಲುಪಿದ 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದರ ಮೇಲೆ ಸಮಯ ಕೊಡುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 46ನೇ ದಿನ ಉತ್ತರ ತಂದರೆ ಆಕ್ಷೇಪಿಸಿ. ಕಾಯ್ದೆ ಹೇಳುವ ಗುರಿ ಮೂರು ತಿಂಗಳು, ಪ್ರಯೋಗಾಲಯ ಪರೀಕ್ಷೆ ಇದ್ದರೆ ಐದು ತಿಂಗಳು. ಇಷ್ಟರಲ್ಲೇ ಮುಗಿಯುತ್ತದೆ ಅಂತ ನಂಬಿ ಸಾಲದ ಕಂತು ಗೊತ್ತು ಮಾಡಬೇಡಿ. ಪ್ರತಿ ದಿನಾಂಕಕ್ಕೂ ಎಲ್ಲರೂ ಹೋಗಬೇಕಿಲ್ಲ, ಸರದಿ ಹಾಕಿಕೊಂಡು ಇಬ್ಬರು ಹೋಗಿ, ಸಂಜೆ ಡೇರಿಯಲ್ಲಿ ಬಂದು ಹೇಳಿ.

ಅವರ ವಾದ ಮೂರು ಬಗೆಯಲ್ಲಿ ಬರುತ್ತದೆ: ಮಳೆ, ಅಂಗಮಾರಿ ರೋಗ, ಗೆಡ್ಡೆ ಹೆಚ್ಚಿ ಉಪಚರಿಸುವಾಗಿನ ತಪ್ಪು. ಅಂಗಮಾರಿ ಹೆಚ್ಚಾಗಿ ಎದ್ದ ಗಿಡದ ಎಲೆಗೆ ಬಡಿಯುವ ರೋಗ, ನಮ್ಮಲ್ಲಿ ಗಿಡವೇ ಏಳಲಿಲ್ಲ. ಉಳಿದ ಎರಡಕ್ಕೆ ಪಕ್ಕದ ಹೊಲಗಳೇ ಉತ್ತರ. ಆ ಹೊಲದ ಮೂವರು ರೈತರು, ಒಂದು ರೂಪಾಯಿಯ ಲಾಭ ಇಲ್ಲದವರು, ಬಂದು ಅಫಿಡವಿಟ್ ಕೊಟ್ಟರು. ನನ್ನ ಲೆಕ್ಕದಲ್ಲಿ ಇಡೀ ಕೇಸಿನಲ್ಲಿ ಅದಕ್ಕಿಂತ ತೂಕದ ಕಾಗದ ಇನ್ನೊಂದಿಲ್ಲ.

ರಾಜಿಗೆ ಬಂದರೆ

ಒಂದು ರಾತ್ರಿ ಅವರ ಕಡೆಯವರೊಬ್ಬರು ಮನೆಗೆ ಬಂದರು. ಮುಂದೆ ನಿಂತ ಮೂವರಿಗೆ ಮಾತ್ರ ಪೂರ್ತಿ ದುಡ್ಡು, ದೂರು ವಾಪಸ್ ತೆಗೆದುಕೊಳ್ಳಿ ಅಂದರು. ಅಮ್ಮ ಕಾಫಿ ಕೊಟ್ಟರು, ಅಪ್ಪ, "ಮೂವತ್ತೆಂಟು ಜನಕ್ಕೂ ಹೇಳಿ ಬನ್ನಿ ಅಣ್ಣ, ಅಲ್ಲೀಗಂಟ ನನ್ ಕೈಲಿ ಏನೂ ಇಲ್ಲ" ಅಂದರು. ಕಾನೂನೂ ಅದನ್ನೇ ಹೇಳುತ್ತದೆ. ಪ್ರಾತಿನಿಧಿಕ ದೂರನ್ನು ಗುಂಪಿಗೆ ತಿಳಿಸದೆ ಹಿಂಪಡೆಯುವಂತಿಲ್ಲ, ರಾಜಿ ಮಾಡಿಕೊಳ್ಳುವಂತಿಲ್ಲ. ಆಯೋಗವೇ ಮಧ್ಯಸ್ಥಿಕೆಗೆ ಕಳಿಸಿದರೆ ಹೋಗಿ, ತಪ್ಪೇನಿಲ್ಲ. ಎಲ್ಲರಿಗೂ ಒಂದೇ ಸೂತ್ರದಲ್ಲಿ ಸಿಗುವುದಾದರೆ ಸ್ವಲ್ಪ ಕಡಿಮೆಗೂ ಒಪ್ಪಬಹುದು ಅನ್ನುವುದು ನನ್ನ ಅಭಿಪ್ರಾಯ, ಆದರೆ ಅದನ್ನು ಸಭೆ ಕರೆದು ಕೈ ಎತ್ತಿಸಿ ತೀರ್ಮಾನಿಸಿ.

ಆದೇಶ ಬಂದ ಮೇಲೆ

ಎದುರಿನವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಅಂತಾದರೆ ಸುಮ್ಮನೆ ಕೂರಬೇಡಿ. 71ನೇ ಕಲಂ ಅಡಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೇ ಕಲಂ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಅಥವಾ 25,000ಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ ಆಗಬಹುದು.

ಹಣ ಬಂದ ದಿನ ಹಂಚುವುದನ್ನೂ ಬೆಳಕಿನಲ್ಲೇ ಮಾಡಿ. ನಾವು ಡೇರಿ ಕಟ್ಟೆಯ ಮೇಲೆ ಅದೇ ಉದ್ದ ಪುಸ್ತಕ ತೆರೆದು ಹೆಸರು, ಚೀಲ, ಮೊತ್ತ ಗಟ್ಟಿಯಾಗಿ ಓದಿದೆವು. ದುಡ್ಡು ಖಾತೆಗೇ ಹೋಗಿತ್ತು, ಸಹಿಯನ್ನು ಮಾತ್ರ ಪುಸ್ತಕದಲ್ಲಿ ಹಾಕಿಸಿಕೊಂಡೆವು. ಹದಿನೇಳನೇ ಸಾಲು ಅಜ್ಜಿಯದು, ಆರು ಚೀಲ. ಹೆಬ್ಬೆಟ್ಟು ಒತ್ತಿ, ಶಾಯಿ ಸೆರಗಿಗೆ ಒರೆಸಿಕೊಂಡು, "ನನ್ ಚೀಲ ಕೊಡ್ತಾರಾ ಮಗ?" ಅಂತ ಕೇಳಿದರು. ಆಯೋಗಕ್ಕೆ ಕೊಟ್ಟ ಮೂಲ ವಸ್ತುಗಳನ್ನು ಮೇಲ್ಮನವಿಯ ಅವಧಿ ಮುಗಿದ ಮೇಲೆ ಅರ್ಜಿ ಹಾಕಿ ವಾಪಸ್ ಕೇಳಬಹುದು. ಅವರದನ್ನು ಕೇಳಿ ತಂದುಕೊಟ್ಟೆವು.